ಸ್ಟೀಮ್‌ನ್ಯಾಗ ಸಣ್ಣ ಗೇಮ್‌ಗಳ ರೇಟು: ಐದರಾಗ ನಾಲ್ಕು ಸ್ಟಾರ್

ಹುಬ್ಬಳ್ಳಿ ವಿದ್ಯಾನಗರದಾಗ ನಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಬರೂ ಗಿರಾಕಿ ಹೆಚ್ಚಾಗಿ ಕಾಲೇಜ್ ಹುಡುಗ್ರು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷಿನ್ ಇಟ್ಟು, “ಅಣ್ಣಾ, ಇದ್ರಾಗ ಯಾವ ಗೇಮ್ ಓಡ್ತೈತಿ?” ಅಂತಾರ. ನಾ ಮೊದಲು ಹೇಳೂದು ಸ್ಟಾರ್‌ಡ್ಯೂ ವ್ಯಾಲಿ.

ಎರಿಕ್ ಬರೋನ್ ಒಬ್ಬನ ಕುಂತು ನಾಲ್ಕು ವರ್ಷಕ್ಕೂ ಮ್ಯಾಲ ದುಡಿದು, ಕೋಡು, ಚಿತ್ರ, ಸಂಗೀತ ಎಲ್ಲಾ ತಾನ ಮಾಡಿ 2016ರ ಫೆಬ್ರುವರಿಯೊಳಗ ಬಿಟ್ಟ ಗೇಮ್ ಅದು. ಅಮೆರಿಕಾದಾಗ 14.99 ಡಾಲರ್. ಹಂಗ ರೂಪಾಯಿಗೆ ತಿರುವಿದ್ರ 1,200 ದಾಟ್ತೈತಿ. ಇಲ್ಲೆ ಸ್ಟೀಮ್ ಅನ್ನೂ ಆನ್‌ಲೈನ್ ಗೇಮ್ ಅಂಗಡಿಯೊಳಗ 500ರ ಆಸುಪಾಸು ಸಿಗ್ತೈತಿ. ಅಷ್ಟಾದ್ರ ಹುಡುಗ ನನ್ನ ಎದುರಿಗೇ ಯುಪಿಐ ಹೊಡೆದು ತಗೋತಾನ. 1,200 ಅಂದ್ರ ಗೆಳೆಯಾನ ಪೆನ್‌ಡ್ರೈವ್ ಹುಡುಕ್ತಾನ, ಇಲ್ಲಾ ಸೇಲ್ ಬರಲಿ ಅಂತ ವಿಶ್‌ಲಿಸ್ಟಿಗೆ ಹಾಕಿ ಮರೀತಾನ.

ಯಾವ ದೇಶಕ್ಕ ಎಷ್ಟು ಇಡಬಹುದು ಅಂತ ಸ್ಟೀಮ್ ಸಲಹಾ ಕೊಡ್ತೈತಿ, ಕಡೀಗೆ ರೇಟ್ ಹಚ್ಚಾಂವ ಗೇಮ್ ಮಾಡಿದಾಂವ. ಡಾಲರ್ ಲೆಕ್ಕಾನ ನಮ್ಮ ಮ್ಯಾಲ ಹಾಕೂ ಮಂದಿ ಒಂದು ಮಾತು ವಿಚಾರ ಮಾಡಬೇಕು: ಗೇಮಿಗೆ ಗೋಡೌನ್ ಬಾಡಿಗಿ ಇಲ್ಲ, ಲಾರಿ ಖರ್ಚಿಲ್ಲ. ಇನ್ನೊಂದು ಕಾಪಿ ಮಾರಾಕ ಹೊಸದಾಗಿ ಖರ್ಚು ಅಂತ ಭಾಳ ಏನೂ ಬರೂದಿಲ್ಲ. ಧಾರವಾಡದ ಹುಡುಗ ಕೊಡೂ 500 ಅವ್ರಿಗೆ ಹೆಚ್ಚಿನ ಗಳಿಕಿನ.

ರೇಟ್ ಸರಿ ಇದ್ರ ಮಂದಿ ಹೆಂಗ ಮುಗಿಬೀಳ್ತಾರ ಅನ್ನೂದಕ್ಕ ಹಾಲೋ ನೈಟ್: ಸಿಲ್ಕ್‌ಸಾಂಗ್ ಅನ್ನೂ ಸಣ್ಣ ತಂಡದ ಗೇಮ್ ನೋಡ್ರಿ. ದೊಡ್ಡ ಕಂಪನಿ ಗೇಮ್ 70 ಡಾಲರ್ ಆದ ಹೊತ್ತಿನ್ಯಾಗ ಅದು 20 ಡಾಲರಿಗೆ ಬಂತು. 2025ರ ಸೆಪ್ಟೆಂಬರ್ 4ಕ್ಕ ಗದ್ದಲ ತಡೀಲಾರದ ಗೇಮ್ ಮಾರೂ ಆನ್‌ಲೈನ್ ಅಂಗಡಿಗಳ ಸರ್ವರ್‌ಗಳ ಕುಂತುಬಿಟ್ವು.

ಇನ್ನ ಒಂದು ಸ್ಟಾರ್ ಯಾಕ ಕಡಿಮಿ? ಮಾರಾಟದಾಗ ಸ್ಟೀಮ್ 30% ಮುರ್ಕೋತೈತಿ. ಗೇಮ್ ಒಂದು ಕೋಟಿ ಡಾಲರ್ ಗಳಿಸಿದ ಮ್ಯಾಲಿನ ರೊಕ್ಕಕ್ಕ 25%, ಐದು ಕೋಟಿ ದಾಟಿದ್ರ 20%. ಅಂದ್ರ ದೊಡ್ಡವ್ರಿಗೆ ರಿಯಾಯಿತಿ, ಒಬ್ಬನ ಕುಂತು ಮಾಡಿದಾಂವಗ ಪೂರ್ತಿ ಕಡಿತ. ಇದು ನನಗ ಒಪ್ಪೂದಿಲ್ಲ. ಇಚ್ ಡಾಟ್ ಐಓ ಅನ್ನೂ ಇನ್ನೊಂದು ಆನ್‌ಲೈನ್ ಗೇಮ್ ಅಂಗಡಿಯೊಳಗ ಅಂಗಡಿ ಪಾಲು ಎಷ್ಟು ಅಂತ ಗೇಮ್ ಮಾಡಿದಾಂವನ ನಿರ್ಧಾರ ಮಾಡ್ತಾನ.

ಅದಕ್ಕ ನಮ್ಮ ಕಿಸೆಗೆ ಹೊಂದೂ ರೇಟ್ ಇಟ್ಟಿದ್ರ ಸೇಲ್ ಕಾಯಬ್ಯಾಡ್ರಿ ಅಂತೀನಿ. ಅರ್ಧ ರೇಟಾದ್ರ ಗೇಮ್ ಮಾಡಿದಾಂವನ ಪಾಲೂ ಅರ್ಧ ಆಗ್ತೈತಿ. ಸ್ಟಾರ್‌ಡ್ಯೂಗೆ 2024ರ ಮಾರ್ಚ್‌ನ್ಯಾಗ ಬಂದ 1.6 ಅಪ್‌ಡೇಟ್‌ಗೂ ಬರೋನ್ ಒಂದು ಪೈಸೆ ಕೇಳಿಲ್ಲ.