ಸಿಎಂಎಲ್‌ಗೆ ಇಂಟರ್‌ಫೆರಾನ್ ಸೂಜಿಯೋ, ಇಮ್ಯಾಟಿನಿಬ್ ಗುಳಿಗೆಯೋ?

ಮನೆಯಲ್ಲಿ ಯಾರಿಗಾದರೂ ಸಿಎಂಎಲ್ (ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ) ಎಂಬ ರಕ್ತದ ಕ್ಯಾನ್ಸರ್ ಎಂದು ರಿಪೋರ್ಟ್ ಬಂದಿದ್ದರೆ, ಮೊದಲು ಇಷ್ಟು ತಿಳ್ಕೋರಿ. ಈ ರೋಗದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಪ್ರೋಟೀನು ಹುಟ್ಟುತ್ತದೆ. ಬಿಳಿ ರಕ್ತಕಣಗಳು ಮಿತಿಯಿಲ್ಲದೆ ಹೆಚ್ಚುವುದು ಅದರಿಂದಲೇ.

ಇಮ್ಯಾಟಿನಿಬ್ ಆ ಪ್ರೋಟೀನಿನಲ್ಲಿ ಎಟಿಪಿ ಎಂಬ ಶಕ್ತಿ ಕೊಡುವ ಕಣ ಕೂಡುವ ಜಾಗಕ್ಕೇ ಹೊಕ್ಕು ಅದರ ಕೆಲಸ ನಿಲ್ಲಿಸುತ್ತದೆ. ಇಂಟರ್‌ಫೆರಾನ್ ದಾರಿ ಬೇರೆ. ವೈರಸ್ ಬಂದಾಗ ನಮ್ಮ ಮೈಯೇ ತಯಾರಿಸುವ ಪ್ರೋಟೀನು ಅದು. ಜೀವಕೋಶದ ಹೊರಮೈಗೆ ಅಂಟಿಕೊಂಡು ಒಳಗಿನ ನೂರಾರು ಜೀನುಗಳನ್ನು ಎಬ್ಬಿಸುತ್ತದೆ. ಕೋಶ ಒಂದು ಎರಡಾಗುವ ವೇಗ ತಗ್ಗುತ್ತದೆ, ರೋಗನಿರೋಧಕ ಕಣಗಳಿಗೆ ಶತ್ರುವಿನ ಗುರುತು ಸಿಗುತ್ತದೆ. ಕೆಲವರಲ್ಲಿ ಈ ಪರಿಣಾಮ ವರ್ಷಗಟ್ಟಲೆ ಉಳಿದದ್ದುಂಟು.

ಆದರೂ ನನ್ನ ಮಾತು ಗುಳಿಗೆಯ ಪರ. 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, 18 ತಿಂಗಳಿಗೆ ಫಿಲಡೆಲ್ಫಿಯಾ ಕ್ರೋಮೋಸೋಮು (ಆ ಅದಲುಬದಲಿನಿಂದ ಬದಲಾದ 22ನೇ ಕ್ರೋಮೋಸೋಮು) ಪರೀಕ್ಷೆಯಲ್ಲಿ ಕಾಣದಂತಾದವರು ಇಮ್ಯಾಟಿನಿಬ್ ಗುಂಪಿನಲ್ಲಿ ಸುಮಾರು ಶೇ. 76, ಇಂಟರ್‌ಫೆರಾನ್ ಜೊತೆ ಸೈಟರಾಬಿನ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಪಡೆದವರಲ್ಲಿ ಸುಮಾರು ಶೇ. 14. ಸೂಜಿಯಿಂದ ಜ್ವರ, ನಡುಕ, ಮೈಕೈ ನೋವು, ಕೆಲವರಿಗೆ ಮನಸ್ಸು ಕುಗ್ಗುವುದೂ ಇದೆ. ಅದನ್ನು ಫ್ರಿಜ್ಜಿನಲ್ಲೇ ಇಡಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ, ಕರೆಂಟ್ ಹೋಗುವ ಹಳ್ಳಿಯಲ್ಲಿ ಇದು ಸಣ್ಣ ಮಾತಲ್ಲ. ಗುಳಿಗೆಯಾದರೆ ರೊಟ್ಟಿ ಉಂಡು, ದೊಡ್ಡ ಲೋಟ ನೀರಿನ ಜೊತೆ ನುಂಗಿದರಾಯಿತು. ವಾಂತಿ, ಮುಖ ಊದುವುದು, ಸ್ನಾಯು ಸೆಳೆತ ಬರಬಹುದು. ಬಂದರೆ ಡಾಕ್ಟರಿಗೆ ಹೇಳಿ, ನೀವಾಗಿ ಗುಳಿಗೆ ಬಿಡಬೇಡಿ.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಇಮ್ಯಾಟಿನಿಬ್ ಮಗುವಿಗೆ ಅಪಾಯ, ಚಿಕಿತ್ಸೆ ಬೇಕೇ ಬೇಕಾದಾಗ ವೈದ್ಯರು ಇಂಟರ್‌ಫೆರಾನ್ ಕಡೆ ನೋಡುತ್ತಾರೆ. ಮಗು ಬೇಕೆಂಬ ಆಸೆಯಿದ್ದರೆ ಮೊದಲ ಭೇಟಿಯಲ್ಲೇ ಸಂಕೋಚವಿಲ್ಲದೆ ಹೇಳಿಬಿಡಿ.