ಅಲಾಸ್ಕಾದ ಬೇಸಿಗೆಗೆ ದಪ್ಪ ಜಾಕೆಟ್ ಹೊತ್ತು ಹೊರಟವರ ಗಮನಕ್ಕೆ

ಕಳೆದ ವರ್ಷದ ಜೂನ್ ತಿಂಗಳಿನಲ್ಲಿ ಅಪ್ಪ, ಅಮ್ಮ ಮತ್ತು ನಾನು ಕೆನಡಾದ ವ್ಯಾಂಕೂವರ್‌ನಲ್ಲಿ ಹಡಗು ಹತ್ತಿ, ಅಲಾಸ್ಕಾದ ಕರಾವಳಿಗುಂಟ ವಿಟಿಯರ್‌ವರೆಗೆ ಏಳು ರಾತ್ರಿಗಳ ಪ್ರವಾಸ ಮಾಡಿದೆವು. ಆ ಪ್ರವಾಸದ ಚೆಲುವನ್ನು ಬಣ್ಣಿಸಿದ ಬರಹಗಳು ಬೇಕಾದಷ್ಟಿವೆ. ನಾನು ಬರೆಯುತ್ತಿರುವುದು ನಮ್ಮ ಸೂಟ್‌ಕೇಸುಗಳ ಬಗ್ಗೆ ಮಾತ್ರ. ಮೂರು ಜನಕ್ಕೆ ನಾಲ್ಕು ಸೂಟ್‌ಕೇಸು ತುಂಬ ಬಟ್ಟೆ ಹೊತ್ತು ಹೋಗಿಯೂ ಅರ್ಧ ಪ್ರವಾಸವನ್ನು ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕಳೆದವರು ನಾವು.

ತಪ್ಪಿನ ಮೂಲ ಒಂದು ಪಟ್ಟಿ. ಪ್ರವಾಸವನ್ನು ಗೊತ್ತುಮಾಡಿಕೊಟ್ಟ ಏಜೆಂಟರು ಏನೇನು ತರಬೇಕೆಂದು ಎರಡು ಪುಟಗಳ ಪಟ್ಟಿಯನ್ನೂ ಕಳುಹಿಸಿದ್ದರು. ಗರಿ ತುಂಬಿದ ದಪ್ಪ ಜಾಕೆಟ್, ಮಂಕಿ ಕ್ಯಾಪ್, ಕೈಗವಸು, ಥರ್ಮಲ್ ಒಳಉಡುಪು, ಔತಣದ ರಾತ್ರಿಗೆ ಕೋಟು ಮತ್ತು ರೇಷ್ಮೆ ಸೀರೆ ಎಲ್ಲವೂ ಅದರಲ್ಲಿದ್ದವು. ರೈನ್‌ಕೋಟ್ ಇರಲಿಲ್ಲ, 'ಬೇಕಿದ್ದರೆ ಒಂದು ಛತ್ರಿ' ಎಂದು ಕೊನೆಯಲ್ಲಿ ಬರೆದಿತ್ತು. ಯುರೋಪಿನ ಹಿಮಪರ್ವತ ನೋಡಲು ಹೋಗುವವರಿಗೆಂದು ಮಾಡಿದ ಪಟ್ಟಿಯಲ್ಲಿ ಊರಿನ ಹೆಸರನ್ನಷ್ಟೇ ಬದಲಿಸಿ ನಮಗೆ ದಾಟಿಸಿದ್ದಾರೆ ಎಂಬ ಅನುಮಾನ ನನಗೆ ಈಗಲೂ ಇದೆ. ಆದರೂ ಪೂರ್ತಿ ದೋಷವನ್ನು ಅವರ ತಲೆಗೆ ಕಟ್ಟುವಂತಿಲ್ಲ. ಮಂಗಳೂರಿನವರಾದ ನಾವೇ, ಸಮುದ್ರ ಮತ್ತು ಬೆಟ್ಟ ಒತ್ತಿಕೊಂಡಿರುವ ಕಡೆಗೆ ಹೊರಟಿದ್ದೇವೆಂದು ತಿಳಿದೂ, ಅಲ್ಲಿ ಮಳೆ ಹೇಗೆ ಎಂದು ಒಂದು ಮಾತು ಕೇಳಲಿಲ್ಲ. ಅಲಾಸ್ಕಾ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದದ್ದು ಹಿಮ ಮಾತ್ರ.

ಹಡಗುಗಳು ಸಾಗುವ ಆಗ್ನೇಯ ಅಲಾಸ್ಕಾದ ತೀರ ಹಿಮದ ಮರುಭೂಮಿಯಲ್ಲ, ಅದು ಮಳೆಕಾಡು. ಪೆಸಿಫಿಕ್ ಸಾಗರದ ತೇವದ ಗಾಳಿ ತೀರಕ್ಕೆ ಅಂಟಿದಂತಿರುವ ಬೆಟ್ಟಗಳಿಗೆ ಬಡಿದು ಮೇಲೇರಿ ಮಳೆಯಾಗುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ನಡೆಯುವುದೂ ಇದೇ. ಕೆಚಿಕನ್ ಎಂಬ ಬಂದರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅಂದರೆ ಹೆಚ್ಚುಕಡಿಮೆ ನಮ್ಮ ಮಂಗಳೂರಿನಷ್ಟೇ. ಆ ಊರಿನವರು ಬಂದರಿನ ಬಳಿ ಆಳೆತ್ತರಕ್ಕಿಂತ ದೊಡ್ಡ ಮಳೆಮಾಪಕದ ಫಲಕವನ್ನೇ ನಿಲ್ಲಿಸಿ ಅದರ ಬಗ್ಗೆ ಹೆಮ್ಮೆಪಡುತ್ತಾರೆ. ನಮ್ಮ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅವರದ್ದು ವರ್ಷವಿಡೀ ಜಿನುಗುತ್ತದೆ. ಜೂನ್, ಜುಲೈ ಅಲ್ಲಿ ಕಡಿಮೆ ಮಳೆಯ ತಿಂಗಳುಗಳೇ ಆದರೂ ಮಳೆಯಿಲ್ಲದ ತಿಂಗಳುಗಳಲ್ಲ. ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 13ರಿಂದ 18 ಡಿಗ್ರಿ. ನೆಂದರೂ ಮೈ ಬೆಚ್ಚಗಿರುವ ಊರಿನ ಮಳೆಗೆ ಒಗ್ಗಿದವರಿಗೆ, ನೆಂದ ಮೇಲೆ ಕಾಲು ಗಂಟೆಯಲ್ಲಿ ಹಲ್ಲು ಕಟಕಟಿಸುವ ಈ ಮಳೆಯ ಅಂದಾಜೇ ಇರುವುದಿಲ್ಲ.

ಕೆಚಿಕನ್‌ನಲ್ಲಿ ಇಳಿದ ಬೆಳಿಗ್ಗೆ ಸೋನೆ ಹಿಡಿದಿತ್ತು. ಮೈನಸ್ 10 ಡಿಗ್ರಿಗೂ ಸಾಕು ಎಂದು ಅಂಗಡಿಯವನು ಹೇಳಿದ್ದ ಜಾಕೆಟ್ಟನ್ನು ತೊಟ್ಟು, ಛತ್ರಿ ಹಿಡಿದು, ಹೊಳೆಯ ಮೇಲೆ ಮರದ ಕಂಬಗಳನ್ನು ನಿಲ್ಲಿಸಿ ಕಟ್ಟಿರುವ ಕ್ರೀಕ್ ಸ್ಟ್ರೀಟ್ ನೋಡಲು ಹೊರಟೆವು. ಮೊದಲ ಜೋರು ಗಾಳಿಗೆ ಛತ್ರಿ ತಿರುಗಿಬಿತ್ತು. ಅರ್ಧ ಗಂಟೆಯಾಗುವಷ್ಟರಲ್ಲಿ ಅಪ್ಪನ ಜಾಕೆಟ್ಟಿನ ಭುಜದ ಭಾಗ ಚಪ್ಪಟೆಯಾಯಿತು. ಒಳಗಿನ ಗರಿ ನೀರು ಕುಡಿದು ಪ್ರತಿ ಮಡಿಕೆಯ ಕೆಳಗೆ ಹಳೆಯ ದಿಂಬಿನ ಹತ್ತಿಯಂತೆ ಗಂಟುಕಟ್ಟಿ ಕುಳಿತಿತ್ತು. ಎರಡು ಗಂಟುಗಳ ನಡುವೆ ಉಳಿದದ್ದು ಬರಿಯ ತೆಳು ಬಟ್ಟೆ. ಅಮ್ಮ ಸೀರೆಯ ಕೆಳಗೆ ಹತ್ತಿಯ ಕಾಲುಚೀಲ ಹಾಕಿ ಬಟ್ಟೆಯ ಶೂ ತೊಟ್ಟಿದ್ದರು. ಸೀರೆಯ ಅಂಚು ಹೀರಿದ ನೀರು ಕಾಲುಚೀಲಕ್ಕೆ ಇಳಿದು, ಅವರು ಒಂದೊಂದು ಹೆಜ್ಜೆ ಇಟ್ಟಾಗಲೂ ಶೂನಿಂದ 'ಪಚಕ್' ಎಂಬ ಸದ್ದು ಬರುತ್ತಿತ್ತು. "ನಮ್ಮ ಅಜ್ಜಿ ನೇಜಿ ನೆಡಲಿಕ್ಕೆ ಮಳೆಗೆ ಎಲೆಯ ಗೊರಬು ಹಾಕಿಕೊಂಡು ಹೋಗುತ್ತಿದ್ದರು, ನಾವು ಹಾಸಿಗೆ ಹೊದ್ದುಕೊಂಡು ಬಂದಿದ್ದೇವೆ," ಎಂದರು ಅಮ್ಮ. ಅಲ್ಲಿನ ಮೂಲನಿವಾಸಿಗಳು ಕೆತ್ತಿದ ಟೋಟೆಮ್ ಕಂಬಗಳನ್ನು ನೋಡದೆಯೇ ಹಡಗಿಗೆ ಮರಳಿದೆವು.

ಹಡಗಿನ ಸ್ನಾನದ ಮನೆಯಲ್ಲಿ ಒಬ್ಬರು ತಿರುಗಿ ನಿಲ್ಲುವಷ್ಟು ಜಾಗ. ಗೋಡೆಯಿಂದ ಎಳೆದು ಕಟ್ಟುವ ಒಂದು ತೆಳು ಹಗ್ಗ. ನನ್ನ ಜೀನ್ಸ್ ಪ್ಯಾಂಟು ಅದರ ಮೇಲೆ ಎರಡು ದಿನ ನೇತಾಡಿದರೂ ಸೊಂಟದ ಪಟ್ಟಿ ಒಣಗಲಿಲ್ಲ. ಗರಿಯ ಜಾಕೆಟ್ಟುಗಳಂತೂ ಪ್ರವಾಸ ಮುಗಿಯುವವರೆಗೆ ಮೊದಲಿನಂತಾಗಲಿಲ್ಲ. ಕೊನೆಗೆ ಬಂದರಿನ ಅಂಗಡಿಯಲ್ಲಿ ಮೂವರಿಗೂ ರೈನ್‌ಕೋಟ್ ಕೊಳ್ಳಲು 240 ಡಾಲರ್ ತೆತ್ತೆವು. ಊರಿನಲ್ಲಿ ಅದರ ಕಾಲುಭಾಗಕ್ಕೆ ಸಿಗುತ್ತಿತ್ತು.

ಹೊರಡುವವರು ಇದೊಂದನ್ನು ಸರಿಯಾಗಿ ನೋಡಿಕೊಳ್ಳಬೇಕು. 'ವಾಟರ್ ರೆಸಿಸ್ಟೆಂಟ್' ಎಂಬ ಚೀಟಿ ಅಂಟಿಸಿದ ಜಾಕೆಟ್ ನಾಲ್ಕು ಹನಿಗಳನ್ನು ತಡೆದೀತು, ಬಿಡದೆ ಜಿನುಗುವ ಮಳೆಯನ್ನಲ್ಲ; ನಿಮಗೆ ಬೇಕಾದದ್ದು ಹೊಲಿಗೆಗಳ ಒಳಬದಿಗೆ ಟೇಪು ಹಾಕಿ ಮುಚ್ಚಿರುವ, ಟೋಪಿ ಇರುವ, ಸೊಂಟದಿಂದ ಕೆಳಗೂ ಇಳಿಯುವ ವಾಟರ್‌ಪ್ರೂಫ್ ಕೋಟು. ಕೊಂಡ ಮೇಲೆ ಮನೆಯ ಶವರಿನ ಕೆಳಗೆ ಹತ್ತು ನಿಮಿಷ ಅದನ್ನು ತೊಟ್ಟು ನಿಂತು ನೋಡಿ; ಮನೆಯವರು ನಕ್ಕರೆ ನಗಲಿ. ಅದರೊಳಗೆ ಒಂದು ಫ್ಲೀಸ್ ಅಥವಾ ಉಣ್ಣೆಯ ಸ್ವೆಟರ್, ಅದರೊಳಗೆ ತೆಳುವಾದ ಥರ್ಮಲ್ ಇದ್ದರೆ ಬಿಸಿಲು ಬಂದಾಗ ಒಂದೊಂದಾಗಿ ಕಳಚಬಹುದು, ಗಾಳಿ ಎದ್ದಾಗ ಮತ್ತೆ ಏರಿಸಬಹುದು. ಹತ್ತಿ ಬಟ್ಟೆ ನೀರು ಹಿಡಿದಿಟ್ಟು ಮೈಯ ಶಾಖವನ್ನು ಕದಿಯುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಜೀನ್ಸಿನ ಬದಲು ಬೇಗ ಒಣಗುವ ಸಿಂಥೆಟಿಕ್ ಪ್ಯಾಂಟು, ನೀರಿಳಿಯದ ಶೂ, ನಾಲ್ಕೈದು ಜೊತೆ ಉಣ್ಣೆಯ ಕಾಲುಚೀಲ ಇರಲಿ. ಸೀರೆ ಬಿಡಲು ಒಪ್ಪದ ಹಿರಿಯರಿಗೆ ಕೆಳಗಿಳಿಯುವ ದಿನಗಳ ಮಟ್ಟಿಗಾದರೂ ಸಲ್ವಾರ್ ಒಪ್ಪಿಸುವುದು ಹೇಗೆಂಬುದನ್ನು ನಿಮಗೇ ಬಿಡುತ್ತೇನೆ.

ಮಂಕಿ ಕ್ಯಾಪ್ ಮಾತ್ರ ವ್ಯರ್ಥವಾಗಲಿಲ್ಲ. ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ತಿಮಿಂಗಿಲ ನೋಡಲು ಚಿಕ್ಕ ದೋಣಿಯಲ್ಲಿ ಹೋದಾಗ, ದೋಣಿಯ ವೇಗಕ್ಕೆ ಎದುರಾಗುವ ಗಾಳಿ ಕಿವಿಯನ್ನು ಕೊಯ್ಯುವಂತಿತ್ತು. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ಹಡಗು ಮಾರ್ಜರಿ ಹಿಮನದಿಯ ಎದುರು ಸುಮಾರು ಒಂದು ಗಂಟೆ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲಿಂದ ಜಾರಿ ಬರುವ ಗಾಳಿಯಿಂದಾಗಿ ಅಲ್ಲಿ ಬಂದರುಗಳಿಗಿಂತ ಹೆಚ್ಚು ಚಳಿ. ಹಿಮನದಿಯ ಗೋಡೆಯಂಥ ಅಂಚಿನಿಂದ ಮಂಜುಗಡ್ಡೆ ಕಳಚಿ ಬೀಳುವುದು ಮೊದಲು ಕಾಣುತ್ತದೆ, ಗುಡುಗಿನಂಥ ಸದ್ದು ಆಮೇಲೆ ಕೇಳುತ್ತದೆ. ನಾನು ಅದನ್ನು ನೋಡಿದ್ದು ಒಮ್ಮೆ ಮಾತ್ರ, ಏಕೆಂದರೆ ಉಳಿದ ಹೊತ್ತೆಲ್ಲ ಅಮ್ಮನ ಬೆರಳುಗಳನ್ನು ಕಾಫಿ ಲೋಟಕ್ಕೆ ಒತ್ತಿ ಹಿಡಿದು ಒಳಗೆ ಕುಳಿತಿದ್ದೆ.

ಸ್ಕಾಗ್ವೇ ಎಂಬ ಬಂದರು ಬೆಟ್ಟಗಳ ಮರೆಯಲ್ಲಿರುವುದರಿಂದ ಅಲ್ಲಿ ಮಳೆ ಕಡಿಮೆ, ಕೆಚಿಕನ್‌ನ ಐದನೇ ಒಂದು ಭಾಗದಷ್ಟು. ನಮಗೆ ಒಣ ಬಟ್ಟೆಯಲ್ಲಿ ಓಡಾಡಲು ಸಿಕ್ಕ ಊರು ಅದೊಂದೇ.

ಉಳಿದ ಸಣ್ಣಪುಟ್ಟ ಸಂಗತಿಗಳೂ ಇವೆ. ಜೂನಿನಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಕಣ್ಣಿಗೆ ಕಟ್ಟುವ ಪಟ್ಟಿ ಇಟ್ಟುಕೊಳ್ಳಿ. ನೀರು ಕಾಯಿಸುವ ಕಾಯಿಲ್ ಮತ್ತು ಇಸ್ತ್ರಿಪೆಟ್ಟಿಗೆಯನ್ನು ಹಡಗಿನ ತಪಾಸಣೆಯವರು ತೆಗೆದಿಟ್ಟುಕೊಳ್ಳುತ್ತಾರೆ; ನಮ್ಮ ಕಾಯಿಲ್ ಹಾಗೆಯೇ ಹೋಯಿತು. ಹತ್ತುವಾಗ ಒಪ್ಪಿಸಿದ ಸೂಟ್‌ಕೇಸು ಕ್ಯಾಬಿನ್ನಿಗೆ ಬರುವಾಗ ಸಂಜೆಯಾಗಬಹುದು, ಆದ್ದರಿಂದ ಔಷಧಿ ಮತ್ತು ಸ್ವೆಟರ್ ಕೈಚೀಲದಲ್ಲಿರಬೇಕು.

ಇಳಿಯುವ ಹಿಂದಿನ ರಾತ್ರಿಯೂ ಇದೇ ಎಚ್ಚರ ಬೇಕು, ಏಕೆಂದರೆ ಸೂಟ್‌ಕೇಸುಗಳನ್ನು ಕ್ಯಾಬಿನ್ನಿನ ಬಾಗಿಲ ಹೊರಗಿಟ್ಟರೆ ಸಿಬ್ಬಂದಿ ಒಯ್ದುಬಿಡುತ್ತಾರೆ, ಮತ್ತೆ ಸಿಗುವುದು ಬಂದರಿನಲ್ಲಿಯೇ. ಅಪ್ಪ ಶಿಸ್ತಿನಿಂದ ಹೊಸ ರೈನ್‌ಕೋಟನ್ನು ಮಡಿಸಿ, ಶೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಎಲ್ಲವನ್ನೂ ಸೂಟ್‌ಕೇಸಿನೊಳಗೆ ಹಾಕಿ ಬೀಗ ಹಾಕಿದ್ದರು. ಬೆಳಿಗ್ಗೆ ವಿಟಿಯರ್‌ನಲ್ಲಿ ಮಳೆ ಸುರಿಯುತ್ತಿತ್ತು. ಔತಣಕ್ಕೆಂದು ತಂದಿದ್ದ ಕೋಟು ತೊಟ್ಟು, ತಲೆಗೆ ಮಂಕಿ ಕ್ಯಾಪ್ ಏರಿಸಿ, ಕಾಲಿಗೆ ಬಾತ್‌ರೂಮ್ ಚಪ್ಪಲಿ ಮೆಟ್ಟಿ ಅವರು ಹಡಗಿನಿಂದ ಇಳಿದರು.