ಸೋಯಾ ಹಿಟ್ಟಿನ ಕುಲಾಂತರಿ ಪರೀಕ್ಷೆ: ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದರ ಸೇವೆ

ಧಾರವಾಡ ಸೀಮೆಯ ಸೋಯಾಬೀನಿನಿಂದ ಹಿಟ್ಟು ಮಾಡುವ ನಮ್ಮ ಸಣ್ಣ ಘಟಕಕ್ಕೆ ಜರ್ಮನಿಯ ಖರೀದಿದಾರರೊಬ್ಬರು ಡಿಎನ್‌ಎ ಪರೀಕ್ಷೆಯ ವರದಿ ಕೇಳಿದ್ದರಿಂದ, ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದಕ್ಕೆ ಮಾದರಿ ಕಳುಹಿಸಿದೆವು. ನಮ್ಮ ದೇಶದಲ್ಲಿ ರೈತರು ಬೆಳೆಯಲು ಅನುಮತಿಯಿರುವ ಕುಲಾಂತರಿ ಬೆಳೆ ಬಿಟಿ ಹತ್ತಿಯೊಂದೇ ಆದರೂ, 2021ರಲ್ಲಿ ಪಶು ಆಹಾರಕ್ಕೆಂದು ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅವಕಾಶ ಸಿಕ್ಕಿದ ಮೇಲೆ ಖರೀದಿದಾರರಿಗೆ ಬೆರಕೆಯ ಸಂಶಯ ಬರುವುದು ಸಹಜ. ಐರೋಪ್ಯ ಒಕ್ಕೂಟದಲ್ಲಿ ಅನುಮೋದಿತ ಕುಲಾಂತರಿ ಅಂಶವು ಒಂದು ಪದಾರ್ಥದಲ್ಲಿ ಶೇ 0.9ನ್ನು ಮೀರಿದರೆ ಅದನ್ನು ಲೇಬಲ್ಲಿನಲ್ಲಿ ನಮೂದಿಸಲೇಬೇಕು.

ಒಂದೇ ಚೀಲದಿಂದ ತೆಗೆದು ಕಳುಹಿಸಿದ್ದ ಕಾಲು ಕಿಲೋ ಹಿಟ್ಟನ್ನು ಪ್ರಯೋಗಾಲಯದವರು ಸ್ವೀಕರಿಸಲಿಲ್ಲ. ಇಡೀ ದಾಸ್ತಾನಿನ ಹಲವು ಚೀಲಗಳಿಂದ ಮೇಲೆ, ನಡುವೆ, ಕೆಳಗೆ ಹೀಗೆ ತೆಗೆದು ಬೆರೆಸಿದ ಮಾದರಿ ಬೇಕೆಂದರು. ಅದು ಸರಿಯಾದ ನಿಲುವು. ಸಂಸ್ಕರಿಸಿದ ಸೋಯಾ ಎಣ್ಣೆಯನ್ನೂ ಪರೀಕ್ಷಿಸಿ ಎಂದಾಗ, ಅದರಲ್ಲಿ ಡಿಎನ್‌ಎ ಬಹುತೇಕ ಉಳಿದಿರುವುದಿಲ್ಲ, ಸುಮ್ಮನೆ ಹಣ ಕಳೆದುಕೊಳ್ಳಬೇಡಿ ಎಂದು ತಿಳಿಹೇಳಿದ ಅವರ ಪ್ರಾಮಾಣಿಕತೆಯನ್ನು ಮನಸಾರೆ ಮೆಚ್ಚುತ್ತೇನೆ.

ಕೆಲಸವನ್ನು ಹತ್ತಿರದಿಂದ ನೋಡಲೂ ಬಿಟ್ಟರು. ಹಿಟ್ಟನ್ನು ಸಿಟ್ಯಾಬ್ ಎಂಬ, ಜೀವಕೋಶಗಳನ್ನು ಒಡೆಯುವ ಮಾರ್ಜಕದ ದ್ರಾವಣದಲ್ಲಿ ಬಿಸಿಮಾಡಿ, ಕ್ಲೋರೋಫಾರ್ಮ್ ಸೇರಿಸಿ ಗರಗರನೆ ತಿರುಗಿಸಿದಾಗ ಮೇಲೆ ನಿಂತ ತಿಳಿಯಿಂದ ಡಿಎನ್‌ಎ ಬೇರ್ಪಡಿಸಿದರು. ಆಮೇಲೆ, ಬೇಕಾದ ಡಿಎನ್‌ಎ ತುಣುಕನ್ನು ಆವರ್ತದಿಂದ ಆವರ್ತಕ್ಕೆ ಹೆಚ್ಚಿಸುತ್ತಾ ಅಳೆಯುವ ರಿಯಲ್ ಟೈಮ್ ಪಿಸಿಆರ್ ಯಂತ್ರದ ಪರದೆಯಲ್ಲಿ ಲೆಕ್ಟಿನ್ ಜೀನಿನ ಗೆರೆ ಬೇಗನೆ ಮೇಲೇರಿತು, ಹಲವು ಕುಲಾಂತರಿ ಬೆಳೆಗಳಲ್ಲಿ ಹೊರಗಿನ ಜೀನನ್ನು ಚಾಲೂ ಮಾಡಲು ಸೇರಿಸುವ 35ಎಸ್ ಪ್ರಮೋಟರ್ ಎಂಬ ಡಿಎನ್‌ಎ ತುಣುಕಿನ ಗೆರೆ ಕೊನೆಯ ಆವರ್ತದವರೆಗೂ ನೆಲ ಬಿಟ್ಟು ಏಳಲಿಲ್ಲ. ಲೆಕ್ಟಿನ್ ಜೀನ್ ಎಲ್ಲ ಸೋಯಾದಲ್ಲೂ ಇರುವಂಥದ್ದು. ಆ ಗೆರೆಯೇ ಏಳದಿದ್ದರೆ ‘ಕಂಡುಬಂದಿಲ್ಲ’ ಎಂಬ ಷರಾಕ್ಕೆ ಬೆಲೆಯಿಲ್ಲ, ಏಕೆಂದರೆ ಆಗ ಡಿಎನ್‌ಎಯೇ ಕೈಗೆ ಸಿಕ್ಕಿರಲಿಲ್ಲ ಎಂದರ್ಥವಾಗಬಹುದು.

ನನ್ನ ಆಕ್ಷೇಪವಿರುವುದು ಅವರ ಸಾಮಾನ್ಯ ಪ್ಯಾಕೇಜಿನ ಬಗ್ಗೆ. ಅದರಲ್ಲಿ ಹುಡುಕುವುದು ಹೂಕೋಸಿನ ಮೊಸಾಯಿಕ್ ವೈರಸ್ಸಿನಿಂದ ಬಂದ 35ಎಸ್ ಪ್ರಮೋಟರ್ ಮತ್ತು ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ, ಜೀನಿನ ಕೊನೆಯನ್ನು ಸೂಚಿಸುವ ನಾಸ್ ಟರ್ಮಿನೇಟರ್ ಎರಡನ್ನೇ. ಕಳೆನಾಶಕ ತಾಳಿಕೊಳ್ಳುವ ಹಳೆಯ ಕುಲಾಂತರಿ ತಳಿಯಾದ ರೌಂಡಪ್ ರೆಡಿ ಸೋಯಾವನ್ನು ಇವು ಹಿಡಿಯುತ್ತವೆ. ಆದರೆ ಅದರ ನಂತರ ಬಂದ ಮಾನ್ 89788 ತಳಿಯಲ್ಲಿ ಇವೆರಡೂ ಇಲ್ಲ, ಹಾಗಾಗಿ ಅದು ಬೆರೆತಿದ್ದರೂ ವರದಿ ಸ್ವಚ್ಛವಾಗಿಯೇ ಬರುತ್ತದೆ. ಸೋಯಾ ತಂದವರಿಗೆ ಇದನ್ನು ಮೊದಲೇ ಹೇಳಬೇಕಿತ್ತು. ಖರೀದಿದಾರರು ಎತ್ತಿ ತೋರಿಸಿದ ಮೇಲೆ ನಾವು ಇನ್ನೊಮ್ಮೆ ಹಣ ಕಟ್ಟಿ, ಈ ಎರಡೂ ತಳಿಗಳಲ್ಲಿರುವ, ಕಳೆನಾಶಕ ಸಹಿಷ್ಣುತೆ ಕೊಡುವ ಸಿಪಿ4 ಇಪಿಎಸ್‌ಪಿಎಸ್ ಜೀನನ್ನೂ ಪರೀಕ್ಷಿಸಿಕೊಳ್ಳಬೇಕಾಯಿತು. ಮೊದಲ ವರದಿಯಲ್ಲಿ ಪತ್ತೆಯ ಕನಿಷ್ಠ ಮಿತಿ ಎಷ್ಟೆಂಬುದೂ ಇರಲಿಲ್ಲ. ಕೇಳಿದ ಮೇಲೆ ಶೇ 0.1 ಎಂದು ಸೇರಿಸಿ ಕೊಟ್ಟರು.

ಎರಡನೆಯ ವರದಿಯನ್ನು ಖರೀದಿದಾರರು ಒಪ್ಪಿಕೊಂಡಿದ್ದಾರೆ. ಮುಂದಿನ ಸುಗ್ಗಿಯ ಮಾದರಿಯನ್ನೂ ಇಲ್ಲಿಗೇ ಕಳುಹಿಸುತ್ತೇವೆ, ಆದರೆ ಯಾವ ಯಾವ ಜೀನುಗಳನ್ನು ಹುಡುಕಬೇಕೆಂದು ಕೋರಿಕೆ ಪತ್ರದಲ್ಲಿ ನಾವೇ ಬರೆದು.